ದಂಡ ಕಟ್ಟುವ ಮುನ್ನ

ಸರಕು ವಾಹನಕ್ಕೆ ಅತಿವೇಗದ ನೋಟೀಸು ಬಂದೊಡನೆ ಹಣ ಕಟ್ಟಿ, ಅದನ್ನು ಚಾಲಕನ ಸಂಬಳದಲ್ಲಿ ಮುರಿದುಕೊಳ್ಳುವುದು ನಮ್ಮಲ್ಲಿ ಅನೇಕರ ರೂಢಿ. ವಕೀಲರ ಶುಲ್ಕವು ದಂಡವನ್ನು ಮೀರೀತೆಂಬ ಲೆಕ್ಕಾಚಾರ ಸರಿಯೇ. ಆದರೆ ಮ್ಯಾಜಿಸ್ಟ್ರೇಟರ ಮುಂದೆ ಆರೋಪಿಯು ತಾನೇ ನಿಂತು ವಾದಿಸಲು ಕಾನೂನಿನ ಅಡ್ಡಿಯಿಲ್ಲ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಲಾದ 167ಎ ನಿಯಮದಂತೆ, ವೇಗ ಅಳೆಯುವ ಕ್ಯಾಮೆರಾದ ನಿಖರತೆಗೆ ವರ್ಷವರ್ಷವೂ ನವೀಕರಿಸಿದ ಪ್ರಮಾಣಪತ್ರವಿರಬೇಕು. ತಕ್ಕಡಿ, ತೂಕದ ಬಟ್ಟುಗಳಿಗೆ ಮುದ್ರೆ ಹಾಕಿಸುವ ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಪತ್ರವನ್ನೂ ವಾಹನದ ಛಾಯಾಚಿತ್ರವನ್ನೂ ಕೇಳಿ ಪಡೆಯಿರಿ; ಜಿಪಿಎಸ್ ದಾಖಲೆಯೊಡನೆ ಹೋಲಿಸಿರಿ. ಚಾಲಕನ ಮಾತಿಗೂ ಕಿವಿಗೊಡಿರಿ. ತಪ್ಪು ನಡೆದಿದ್ದರೆ ದಂಡ ತೆರೋಣ. ಇಲ್ಲವಾದರೆ ಅರ್ಧ ದಿನದ ವ್ಯಾಪಾರ ಬಿಟ್ಟಾದರೂ ಆತನೊಡನೆ ನ್ಯಾಯಾಲಯಕ್ಕೆ ನಡೆಯೋಣ.