ಔಷಧಗಾರನ ಮಗಳ ಬೆಲೆ

ರಾಜಕುಮಾರನೊಬ್ಬ ಸಾಮಾನ್ಯರ ಮನೆಯ ಹುಡುಗಿಯನ್ನು ಪ್ರೀತಿಸಿ ಮದುವೆಯಾದ ಎಂದರೆ ಸಾಕು, ನಮ್ಮ ಹೆಂಗಸರ ಮನಸ್ಸು ಬೆಣ್ಣೆಯಾಗಿಬಿಡುತ್ತದೆ. ಅವನು ಹಿಂದೆ ಏನು ಮಾಡಿದ್ದ, ಮುಂದೆ ಏನು ಮಾಡಿದ ಎಂದು ಯಾರೂ ಕೇಳುವುದಿಲ್ಲ. ಒಂದು ಮದುವೆಗೆ ನೂರು ತಪ್ಪು ಮಾಫಿ. ನನ್ನ ತಕರಾರು ಈ ಮಾಫಿಯ ಬಗ್ಗೆ.

ಜರ್ಮನಿಯಲ್ಲಿ ಅನ್ಹಾಲ್ಟ್-ಡೆಸ್ಸೌ ಎಂಬ ಪುಟ್ಟ ಸಂಸ್ಥಾನವಿತ್ತು. ಅದರ ರಾಜಕುಮಾರ ಲಿಯೋಪೋಲ್ಡ್ 1676ರಲ್ಲಿ ಹುಟ್ಟಿ 1747ರಲ್ಲಿ ಸತ್ತ. ತನ್ನ ರಾಜ್ಯ ಅಂಗೈಯಗಲವಾದರೂ ಪಕ್ಕದ ಪ್ರಷ್ಯಾದ ಸೈನ್ಯದಲ್ಲಿ ಸೇನಾನಿಯಾಗಿ ದೊಡ್ಡ ಹೆಸರು ಮಾಡಿದ. ‘ಡೆಸ್ಸೌ ಮುದುಕ’ ಎಂದೇ ಸಿಪಾಯಿಗಳು ಅವನನ್ನು ಕರೆಯುತ್ತಿದ್ದರು. ಅವನ ಜೀವನವನ್ನು ಬರೆದವರೆಲ್ಲ ಎರಡು ವಿಷಯಕ್ಕೆ ಅವನನ್ನು ಹೊಗಳುತ್ತಾರೆ. ಒಂದು, ಅವನು ಪ್ರಷ್ಯಾದ ಕಾಲಾಳುಗಳನ್ನು ತಿದ್ದಿ ತೀಡಿದ್ದು. ಇನ್ನೊಂದು, ಔಷಧಗಾರನ ಮಗಳನ್ನು ಕೈಹಿಡಿದದ್ದು.

ಮೊದಲನೆಯದರ ಬಗ್ಗೆ ನನಗೆ ಹೆಚ್ಚು ಜಗಳವಿಲ್ಲ. ಆಗಿನ ಬಂದೂಕಿಗೆ ಪ್ರತಿಸಲವೂ ಬಾಯಿಯಿಂದ ಮದ್ದು ಗುಂಡು ಹಾಕಿ ಕೋಲಿನಿಂದ ಜಡಿಯಬೇಕಿತ್ತು. ಕೋಲು ಮರದ್ದು. ಯುದ್ಧದ ಗಡಿಬಿಡಿಯಲ್ಲಿ ಅದು ಮುರಿದರೆ ಸಿಪಾಯಿಯ ಕೈಯಲ್ಲಿ ಉಳಿಯುವುದು ಬರೀ ಒನಕೆ. ಲಿಯೋಪೋಲ್ಡ್ 1700ರ ಸುಮಾರಿಗೆ ಆ ಕೋಲನ್ನು ಕಬ್ಬಿಣದಲ್ಲಿ ಮಾಡಿಸಿ ತನ್ನ ದಂಡಿಗೆ ಕೊಟ್ಟ. ಎಲ್ಲರೂ ಒಂದೇ ತಾಳಕ್ಕೆ ಹೆಜ್ಜೆ ಹಾಕುವುದನ್ನು ಕಲಿಸಿದ. ಗುಂಡು ಬೇಗ ಹಾರಿತು, ಸಾಲು ಕೆಡಲಿಲ್ಲ, ಪ್ರಷ್ಯಾ ಗೆದ್ದಿತು. ಆ ತಾಳವನ್ನು ಕಲಿಸಲು ಎಷ್ಟು ಬೆನ್ನುಗಳ ಮೇಲೆ ಬೆತ್ತ ಆಡಿತು ಎಂಬುದನ್ನು ಯುದ್ಧಶಾಸ್ತ್ರದವರು ಬರೆದುಕೊಳ್ಳಲಿ. ನಾನು ಹೇಳಹೊರಟಿದ್ದು ಎರಡನೆಯ ಹೊಗಳಿಕೆಯ ಬಗ್ಗೆ.

ಅನ್ನಾ ಲೂಯಿಸೆ ಫೋಸೆ 1677ರಲ್ಲಿ ಹುಟ್ಟಿದವಳು. ಅಪ್ಪ ಡೆಸ್ಸೌ ಅರಮನೆಗೆ ಔಷಧಿ ಅರೆದು ಕೊಡುತ್ತಿದ್ದವನು. ಇವಳೂ ರಾಜಕುಮಾರನೂ ಚಿಕ್ಕಂದಿನಿಂದ ಪರಿಚಿತರು. ಅಪ್ಪ 1693ರಲ್ಲಿ ತೀರಿಕೊಂಡಾಗ ಹುಡುಗನಿಗೆ ಹದಿನೇಳು ವರ್ಷ. ತಾಯಿ ಹೆನ್ರಿಯೆಟ್ಟೆ ಕಟಾರಿನಾ ಅವನ ಪರವಾಗಿ ರಾಜ್ಯವಾಳಿದಳು. ಆಕೆ ಹಾಲೆಂಡಿನ ಆರೆಂಜ್ ಮನೆತನದ ಮಗಳು, ಬುದ್ಧಿವಂತೆ. ಮಗನ ತಲೆಯಿಂದ ಆ ಹುಡುಗಿಯನ್ನು ಇಳಿಸುವುದಕ್ಕೆ ಅವನನ್ನು ಇಟಲಿಯ ಕಡೆಗೆ ಪ್ರವಾಸ ಕಳಿಸಿದಳು. ಒಂದು ವರ್ಷಕ್ಕೂ ಮೇಲೆ ತಿರುಗಾಡಿಸಿದರೂ ಹುಡುಗ ಬದಲಾಗಲಿಲ್ಲ. ತಮಾಷೆಯೆಂದರೆ ಇದೇ ತಾಯಿ ತನ್ನ ಕಾಲದಲ್ಲಿ, ಎಳೆಯ ಮಗುವಾಗಿದ್ದಾಗ ಹಿರಿಯರು ನಿಶ್ಚಯಿಸಿಟ್ಟಿದ್ದ ವರನನ್ನು ಬೇಡವೆಂದು ತಳ್ಳಿದ್ದವಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಇಲ್ಲಿ ಎರಡು ಕಾಲವೂ ಒಬ್ಬಳ ಬಾಳಿನಲ್ಲೇ ಆಗಿಹೋಗಿತ್ತು.

ಪ್ರವಾಸದಿಂದ ಬಂದ ಮೇಲೆ ನಡೆದದ್ದೆಂದು ಒಂದು ಸಂಗತಿಯನ್ನು ಅವನ ಚರಿತ್ರೆಗಳಲ್ಲಿ ಹೇಳುತ್ತಾರೆ. ಅನ್ನಾ ಲೂಯಿಸೆಯ ಜೊತೆ ಅವಳ ನೆಂಟನಾದ ಒಬ್ಬ ಯುವಕ ವೈದ್ಯನಿದ್ದುದನ್ನು ಲಿಯೋಪೋಲ್ಡ್ ಕಂಡನಂತೆ. ಕಂಡವನೇ ಕತ್ತಿ ಹಿರಿದು ಆ ವೈದ್ಯನನ್ನು ಕೊಂದನಂತೆ. ಈ ಸಂಗತಿ ಒಂದೆರಡು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಅದನ್ನು ಹೇಳುವ ಧಾಟಿ ನೋಡಿ, ‘ಅವನ ಪ್ರೇಮ ಅಷ್ಟು ಉತ್ಕಟವಾಗಿತ್ತು’ ಎನ್ನುವ ಹಾಗೆ! ಕೊಲೆಯೂ ಪ್ರೇಮದ ಲೆಕ್ಕಕ್ಕೇ ಜಮಾ.

ಇದು ನಿಜವಾಗಿ ನಡೆಯಿತೋ, ದರಬಾರಿನವರು ಕಟ್ಟಿದ ಮಾತೋ, ಆ ವಾದ ಇರಲಿ. ಕಟ್ಟುಕಥೆಯೇ ಎಂದಿಟ್ಟುಕೊಳ್ಳಿ, ಅದನ್ನು ಕಟ್ಟಿದವರಿಗೆ ಇದು ಪ್ರೇಮಿಗೆ ಶೋಭೆ ತರುವ ಕಥೆಯಾಗಿ ಕಂಡಿತಲ್ಲ! ಸತ್ತವನಿಗೂ ಒಬ್ಬ ತಾಯಿ ಇದ್ದಿರಬೇಕು. ಕಥೆಯಲ್ಲಿ ಅವಳಿಲ್ಲ. ನೆಂಟನ ಹೆಣ ಕಣ್ಣೆದುರು ಬಿದ್ದಾಗ ಅನ್ನಾ ಲೂಯಿಸೆಗೆ ಏನನ್ನಿಸಿತು, ಅದೂ ಕಥೆಯಲ್ಲಿಲ್ಲ. ಸಂಸ್ಥಾನದ ಒಡೆಯನೇ ಕತ್ತಿ ಹಿಡಿದು ನಿಂತಾಗ, ಅವನ ಅರಮನೆಯ ಸಂಬಳ ಉಣ್ಣುವವನ ಮಗಳು ‘ಒಲ್ಲೆ’ ಎನ್ನಲು ಸಾಧ್ಯವಿತ್ತೆ? ಅವಳೂ ಅವನನ್ನು ಮನಸಾರೆ ಪ್ರೀತಿಸಿರಬಹುದು, ಮುಂದಿನ ನಲವತ್ತೇಳು ವರ್ಷದ ಬಾಳುವೆ ಹಾಗೆಯೇ ಹೇಳುತ್ತದೆ. ಆದರೆ ಪ್ರಶ್ನೆಯನ್ನೇ ಯಾರೂ ಕೇಳಲಿಲ್ಲವಲ್ಲ, ಅದು ನನ್ನ ಸಂಕಟ.

1698ರಲ್ಲಿ ಆಡಳಿತ ಕೈಗೆ ಬಂದ ವರ್ಷವೇ ಅವನು ಅವಳನ್ನು ಮದುವೆಯಾದ. ಇಲ್ಲಿ ಅವನಿಗೆ ಸಲ್ಲಬೇಕಾದ್ದನ್ನು ಸಲ್ಲಿಸುತ್ತೇನೆ. ಆ ಕಾಲದ ರಾಜರಿಗೆ ಹೆಣ್ಣು ಇಷ್ಟವಾದರೆ ಇಟ್ಟುಕೊಳ್ಳುವುದು ಸುಲಭದ ದಾರಿ. ಪಕ್ಕದ ಸ್ಯಾಕ್ಸನಿಯ ದೊರೆ ಆಗಸ್ಟಸ್, ಕೋಸೆಲ್ ಎಂಬಾಕೆಗೆ ಮದುವೆಯ ಮಾತು ಬರೆದುಕೊಟ್ಟು, ಬೇಸರವಾದ ಮೇಲೆ 1716ರಲ್ಲಿ ಸ್ಟೋಲ್ಪೆನ್ ಕೋಟೆಯಲ್ಲಿ ಕೂಡಿಹಾಕಿದ. ದೊರೆ ಸತ್ತ ಮೇಲೂ ಅವಳು ಅಲ್ಲೇ ಉಳಿದು 1765ರಲ್ಲಿ ಕಣ್ಣುಮುಚ್ಚಿದಳು, ಹೆಚ್ಚುಕಡಿಮೆ ಐವತ್ತು ವರ್ಷ. ಲಿಯೋಪೋಲ್ಡ್ ಹಾಗೆ ಮಾಡಲಿಲ್ಲ. ಕುಲ ಕಡಿಮೆಯಾದವಳ ಮಕ್ಕಳಿಗೆ ಸಿಂಹಾಸನ ಸಲ್ಲದು ಎಂಬ ಕಟ್ಟಳೆಯಿತ್ತು. ಅವನು ಚಕ್ರವರ್ತಿಯ ಬಾಗಿಲು ತಟ್ಟಿ, 1701ರ ಡಿಸೆಂಬರಿನಲ್ಲಿ ಅವಳಿಗೆ ರಾಜಕುಮಾರಿಯ ಪದವಿಯನ್ನೂ ಮಕ್ಕಳಿಗೆ ಹಕ್ಕನ್ನೂ ಬರೆಸಿಕೊಂಡ. ಅದಕ್ಕೆ ತೆತ್ತ ಹಣ 92,000 ಥಾಲರ್ ಎಂದು ಲೆಕ್ಕ ಕೊಡುತ್ತಾರೆ.

ರಕ್ತಕ್ಕೆ ಬೆಲೆಯಿಲ್ಲ, ಅದು ಹುಟ್ಟಿನಿಂದ ಬರಬೇಕು ಎಂದು ಬೊಗಳೆ ಬಿಡುತ್ತಿದ್ದ ಜನ, ಹಣ ಕೊಟ್ಟರೆ ಔಷಧಗಾರನ ಮಗಳ ರಕ್ತವನ್ನು ಒಂದೇ ದಿನದಲ್ಲಿ ನೀಲಿ ಮಾಡಿಕೊಟ್ಟರು! ಕುಲೀನತೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಬೇರೆಲ್ಲೂ ಓದಿಲ್ಲ. ಅಷ್ಟು ದುಡ್ಡು ಎಲ್ಲಿಂದ ಬರಬೇಕು? ರಾಜಕುಮಾರ ಹೊಲ ಉತ್ತವನಲ್ಲ.

ಪದವಿಯ ಬೆಲೆ ಅವನು ಕೊಟ್ಟ, ಸರಿ. ಅವಳು ಕೊಟ್ಟದ್ದನ್ನು ಯಾರು ಲೆಕ್ಕ ಹಾಕಿದರು? ಹತ್ತು ಮಕ್ಕಳನ್ನು ಹೆತ್ತಳು. ಗಂಡ 1704ರಲ್ಲಿ ಬ್ಲೆನ್‌ಹೈಮ್ ಯುದ್ಧದಲ್ಲಿ, 1705ರಲ್ಲಿ ಇಟಲಿಯ ಕಸ್ಸಾನೋದಲ್ಲಿ, 1706ರಲ್ಲಿ ಟ್ಯೂರಿನ್ನಿನಲ್ಲಿ, 1709ರಲ್ಲಿ ಮಾಲ್‌ಪ್ಲಾಕೆಯಲ್ಲಿ. ವರ್ಷವಿಡೀ ಊರೂರು ಯುದ್ಧ. ಅವನಿಲ್ಲದಾಗ ಸಂಸ್ಥಾನದ ಆಡಳಿತ ನೋಡಿಕೊಂಡವಳು ಇವಳೇ. ಸಾಲದ್ದಕ್ಕೆ ಆಗಾಗ ದಂಡಿನ ಜೊತೆ ಅವನಿರುವಲ್ಲಿಗೂ ಹೋಗುತ್ತಿದ್ದಳು. ಸುಂಕ, ನ್ಯಾಯ, ಬೆಳೆ, ಬರ ಎಲ್ಲವನ್ನೂ ನಿಭಾಯಿಸುತ್ತ, ಅದರ ನಡುವೆ ಬಸಿರು ಬಾಣಂತನ. ಗಂಡ ಮನೆಗೆ ಬಂದಾಗ ರಾಜ್ಯ ಇದ್ದಲ್ಲೇ ಇತ್ತು. ಬರೆಯುವವರು ಮಾತ್ರ ಅವಳನ್ನು ‘ಅವನ ನೆಚ್ಚಿನ ಮಡದಿ’ ಎಂದು ಒಂದು ಸಾಲಿನಲ್ಲಿ ಮುಗಿಸಿ ಮತ್ತೆ ಕಬ್ಬಿಣದ ಕೋಲಿಗೆ ಹೋಗುತ್ತಾರೆ. ಕಾರ್ಲ್ ಮೈ ಎಂಬ ಜನಪ್ರಿಯ ಜರ್ಮನ್ ಲೇಖಕ ‘ಡೆಸ್ಸೌ ಮುದುಕ’ನ ಮೇಲೆ ನಗೆಗಥೆಗಳನ್ನೇ ಬರೆದ. ಬರ್ಲಿನ್ನಿನಲ್ಲಿ ಅವನ ಕಂಚಿನ ಪ್ರತಿಮೆ ಇದೆ. ಗಂಡ ಊರಲ್ಲಿಲ್ಲದಾಗ ಸಂಸ್ಥಾನ ನಡೆಸುವುದು ಅಂಥ ನಗೆಗಥೆಗೆ ವಸ್ತುವಾಗುವುದಿಲ್ಲ ನೋಡಿ.

ಈಗ ನನ್ನ ತಕರಾರಿನ ತಿರುಳಿಗೆ ಬರುತ್ತೇನೆ.

ಇವರ ಹಿರಿಯ ಮಗ ವಿಲ್‌ಹೆಲ್ಮ್ ಗುಸ್ತಾಫ್. ಅಪ್ಪನಂತೆಯೇ ಪ್ರಷ್ಯಾದ ಸೈನ್ಯದಲ್ಲಿದ್ದ, ಪಟ್ಟಕ್ಕೆ ಬರಬೇಕಾದವನು. 1726ರಲ್ಲಿ ಅವನು ಯೋಹಾನ್ನಾ ಸೋಫಿ ಹೆರ್ರೆ ಎಂಬವಳನ್ನು ಮದುವೆಯಾದ. ಅವಳಪ್ಪ ಬಿಯರ್ ತಯಾರಿಸುವವನು. ಔಷಧ ಅರೆಯುವವನ ಮಗಳ ಮಗ, ಬಿಯರ್ ಕಾಯಿಸುವವನ ಮಗಳನ್ನು ತಂದರೆ ತಪ್ಪೇನು? ಅಪ್ಪನಿಗೇ ಹೋಗಿ, ‘ನೀವು ನಡೆದ ದಾರಿಯಲ್ಲೇ ನಾನೂ ನಡೆದೆ’ ಎಂದು ಹೇಳಿದ್ದರೆ ಆಗುತ್ತಿತ್ತು. ಅವನು ಹೇಳಲಿಲ್ಲ. ಮದುವೆ ಗುಟ್ಟಾಗಿಯೇ ನಡೆಯಿತು, ಗುಟ್ಟಾಗಿಯೇ ಉಳಿಯಿತು. ಒಂದಲ್ಲ ಎರಡಲ್ಲ, ಹನ್ನೊಂದು ವರ್ಷ. ಒಂಬತ್ತು ಮಕ್ಕಳಾದವು. 1737ರ ಡಿಸೆಂಬರಿನಲ್ಲಿ ಸಿಡುಬು ಬಂದು ಅವನು ಸಾಯುವ ಹೊತ್ತಿಗೆ ಆ ಗುಟ್ಟು ಹೊರಬಿತ್ತು.

ಸಾಲುಸಾಲು ತೋಪುಗಳೆದುರು ಕುದುರೆ ಓಡಿಸಬಲ್ಲ ಸೈನಿಕನಿಗೆ, ಅಪ್ಪನೆದುರು ಹೆಂಡತಿಯ ಹೆಸರು ಹೇಳುವ ಧೈರ್ಯವಿರಲಿಲ್ಲ. ಅದೂ ಎಂಥ ಅಪ್ಪ? ಯುರೋಪಿಗೆಲ್ಲ ಗೊತ್ತಿದ್ದ ಪ್ರೇಮವಿವಾಹದ ಅಪ್ಪ! ತನ್ನ ಪ್ರೇಮದಿಂದ ಆತ ಒಂದೇ ಒಂದು ವಿಷಯ ಕಲಿತಿದ್ದರೂ ಮಗ ಹೀಗೆ ಕಳ್ಳನಂತೆ ಸಂಸಾರ ಮಾಡಬೇಕಾಗುತ್ತಿರಲಿಲ್ಲ. ಲಿಯೋಪೋಲ್ಡ್ ಕಟ್ಟಳೆಯನ್ನು ಮುರಿಯಲಿಲ್ಲ. ತನಗೊಬ್ಬನಿಗೆ ರಿಯಾಯಿತಿ ಕೊಂಡುಕೊಂಡ, ಅಷ್ಟೇ. ತಾನು ದಾಟಿದ ಮೇಲೆ ಬಾಗಿಲಿಗೆ ಅಗುಳಿ ಹಾಕಿದ. ಪಟ್ಟ ಎರಡನೆಯ ಮಗನ ಪಾಲಾಯಿತು. ಬಿಯರ್‌ನವನ ಮೊಮ್ಮಕ್ಕಳಿಗೆ ಯಾರೂ 92,000 ಥಾಲರ್ ತೆರಲಿಲ್ಲ.

ಮಗಳ ಕಥೆ ಇನ್ನೊಂದು. ಕಿರಿಯವಳು ಹೆನ್ರಿಯೆಟ್ಟೆ ಅಮಾಲಿಯೆ, 1720ರಲ್ಲಿ ಹುಟ್ಟಿದವಳು. ಇಪ್ಪತ್ತರ ಹರೆಯದಲ್ಲಿ ಮದುವೆಯಿಲ್ಲದೆ ತಾಯಿಯಾದಳು. ಅವಳನ್ನು ಅರಮನೆಯಿಂದ ಹೊರಡಿಸಿ ದೂರದ ಹೆರ್ಫೋರ್ಡಿನ ಹೆಂಗಸರ ಮಠಕ್ಕೆ ಸೇರಿಸಿದರು. ಚಕ್ರವರ್ತಿಯ ಹತ್ತಿರ ಯಾರೂ ಓಡಲಿಲ್ಲ, ಯಾರೂ ಯಾರ ಪದವಿಯನ್ನೂ ಏರಿಸಲಿಲ್ಲ. ಮಗ ಕುಲ ಮೀರಿದರೆ ಬಾಯಿ ಮುಚ್ಚಿಕೊಂಡು ಸಂಸಾರ ಮಾಡಬಹುದು, ಮಗಳು ಮೀರಿದರೆ ಊರು ಬಿಡಬೇಕು. ಅಪ್ಪ ಮೀರಿದರೆ ಅದು ಜರ್ಮನಿಯ ಮಹಾ ಪ್ರೇಮಕಥೆ.

‘ಮುನ್ನೂರು ವರ್ಷದ ಹಿಂದಿನವನನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ನ್ಯಾಯವೇ?’ ಎಂದು ಕೇಳುವವರಿದ್ದಾರೆ. ಇಂದಿನ ಕೋಲನ್ನು ನಾನು ಮುಟ್ಟಿಯೇ ಇಲ್ಲ. ಅಳೆಯುತ್ತಿರುವುದು ಅವನದೇ ಕೋಲಿನಿಂದ. ಕುಲ ನೋಡದೆ ಮದುವೆಯಾಗಬಹುದು ಎಂಬುದು ಅವನಿಗೆ ಗೊತ್ತಿರದ ಹೊಸ ವಿಚಾರವಾಗಿದ್ದರೆ ಮಾತು ಬೇರೆ. ಗೊತ್ತಿತ್ತು. ತಾಯಿಯ ವಿರೋಧ ಕಟ್ಟಿಕೊಂಡು, ತಿಂಗಳುಗಟ್ಟಲೆ ಪರದೇಶ ತಿರುಗಿ, ಬೊಕ್ಕಸ ಬರಿದು ಮಾಡಿ ಕಲಿತ ಪಾಠ ಅದು. ಬೇರೆಯವರ ಸರದಿ ಬಂದಾಗ ಮರೆತುಹೋಯಿತು. ಇಂಥ ಮರೆವು ಗಂಡಸರಿಗೆ ಮಾತ್ರ ಬರುವುದೆಂದು ನಾನು ಹೇಳುವುದಿಲ್ಲ. ಅವನ ತಾಯಿಗೂ ಬಂದಿತ್ತು. ಅನ್ನಾ ಲೂಯಿಸೆಗೆ ಬಂದಿತ್ತೋ ಏನೋ. ಸೊಸೆಯ ವಿಷಯ ಗೊತ್ತಿದ್ದರೂ ಗಂಡನ ಹತ್ತಿರ ಬಾಯಿಬಿಡಲು ಅಂಜಿದಳೋ ಏನೋ. ಗುಟ್ಟಿನಲ್ಲೇ ಒಂಬತ್ತು ಬಾಣಂತನ ಮಾಡಿಕೊಂಡ ಸೊಸೆಯನ್ನು ನೆನೆದರೆ ಯಾರ ಮೇಲೂ ಪೂರ್ತಿ ಕರುಣೆ ಬರುವುದಿಲ್ಲ.

ಅನ್ನಾ ಲೂಯಿಸೆ 1745ರ ಫೆಬ್ರವರಿಯಲ್ಲಿ ತೀರಿಕೊಂಡಳು. ಅದೇ ವರ್ಷ ಡಿಸೆಂಬರ್ 15ರಂದು, ಅರವತ್ತೊಂಬತ್ತು ವರ್ಷದ ಮುದುಕ ಡ್ರೆಸ್ಡೆನ್ ಬಳಿಯ ಕೆಸ್ಸೆಲ್ಸ್‌ಡೋರ್ಫಿನಲ್ಲಿ ಸ್ಯಾಕ್ಸನಿಯ ಸೈನ್ಯವನ್ನು ಹಿಮದಲ್ಲಿ ಸೋಲಿಸಿದ. ಹತ್ತೇ ದಿನದಲ್ಲಿ ಸಂಧಾನವಾಯಿತು. ‘ದೇವರೇ, ನನಗೆ ನೆರವಾಗದಿದ್ದರೂ ಚಿಂತೆಯಿಲ್ಲ, ಆ ಪಾಜಿಗಳಿಗೆ ಮಾತ್ರ ನೆರವಾಗಬೇಡ’ ಎನ್ನುವ ಅರ್ಥದಲ್ಲಿ ಯುದ್ಧಕ್ಕೆ ಮುಂಚೆ ಅವನು ಪ್ರಾರ್ಥಿಸಿದನೆಂಬ ಕಥೆ ಬಹಳ ಪ್ರಸಿದ್ಧ, ಕೇಳಿದವರು ಈಗಲೂ ನಗುತ್ತಾರೆ. ನನಗೆ ನೆನಪಾಗುವುದು ಡ್ರೆಸ್ಡೆನ್ನಿನ ಇನ್ನೊಂದು ಮಗ್ಗುಲಲ್ಲಿದ್ದ ಸ್ಟೋಲ್ಪೆನ್ ಕೋಟೆ. ಕೋಸೆಲ್ ಆಗಲೂ ಅದರೊಳಗೇ ಇದ್ದಳು.

ಮುದುಕ ಸತ್ತು ಎರಡು ವರ್ಷದ ಮೇಲೆ, 1749ರಲ್ಲಿ, ಬಿಯರ್‌ನವನ ಮೊಮ್ಮಕ್ಕಳಿಗೆ ‘ಅನ್ಹಾಲ್ಟಿನ ಕೌಂಟ್’ ಎಂಬ ಪದವಿ ಸಿಕ್ಕಿತು. ರಾಜಕುಮಾರರೆಂಬ ಹೆಸರು ಸಿಗಲಿಲ್ಲ. ಇನ್ನೊಬ್ಬ ಮಗಳು, ಮದುವೆಯನ್ನೇ ಆಗದ ಅನ್ನಾ ವಿಲ್‌ಹೆಲ್ಮೀನೆ, ಡೆಸ್ಸೌ ಪಕ್ಕದ ಮೋಸಿಕೌನಲ್ಲಿ ತನಗಾಗಿ ಅರಮನೆ ಕಟ್ಟಿಸಿಕೊಂಡು, ತನ್ನ ನಂತರ ಅದು ಮದುವೆಯಾಗದ ಹೆಂಗಸರಿಗೆ ನೆಲೆಯಾಗಲೆಂದು ಬರೆದಿಟ್ಟು 1780ರಲ್ಲಿ ಸತ್ತಳು. ಮಠಕ್ಕೆ ಹೋದ ಹೆನ್ರಿಯೆಟ್ಟೆ ಅಲ್ಲೇ ಕೊಳೆಯಲಿಲ್ಲ. ಫ್ರಾಂಕ್‌ಫರ್ಟ್ ಹತ್ತಿರ ಸ್ವತಂತ್ರವಾಗಿ ಬಾಳಿ, ನೂರಾರು ಚಿತ್ರಗಳನ್ನು ಕೊಂಡು ಕೂಡಿಸಿ, ಅವನ್ನೆಲ್ಲ ತನ್ನನ್ನು ಹೊರಹಾಕಿದ ಊರಾದ ಡೆಸ್ಸೌವಿನಲ್ಲೇ ತನ್ನ ಹೆಸರಿನ ಒಂದು ದತ್ತಿಗೆ ಬಿಟ್ಟುಹೋದಳು. ಯೋಹಾನ್ನಾ ಸೋಫಿ, ಆ ಗುಟ್ಟಿನ ಸೊಸೆ, 1795ರವರೆಗೆ ಬದುಕಿದ್ದಳು. ಗಂಡ ಸತ್ತ ಮೇಲೆ ಐವತ್ತೇಳು ವರ್ಷ. ಆ ಹೊತ್ತಿಗೆ ಮಾವನ ಕಬ್ಬಿಣದ ಕೋಲು ಯುರೋಪಿನ ಎಲ್ಲ ಸೈನ್ಯಗಳಲ್ಲೂ ಬಂದುಬಿಟ್ಟಿತ್ತು.