ಅಬ್ಬಾ ಮೆಕ್ಯಾನಿಕ್ ಎಂದು ಬರೆಯಲು ನಾಚಿದ್ದೆ

ಪ್ರಥಮ ಪಿಯುಸಿಗೆ ಸೇರುವಾಗ ಅರ್ಜಿಯಲ್ಲಿ ‘ತಂದೆಯ ವೃತ್ತಿ’ ಎಂಬ ಜಾಗದಲ್ಲಿ ನಾನು ‘ವ್ಯಾಪಾರ’ ಎಂದು ಬರೆದಿದ್ದೆ. ನನ್ನ ಅಬ್ಬಾ ವ್ಯಾಪಾರಿಯಲ್ಲ, ಕಾರ್ ಮೆಕ್ಯಾನಿಕ್. ಹೀಗೆ ಬರೆದವನು ನಾನೊಬ್ಬನೇ ಇರಲಾರೆ. ಗ್ಯಾರೇಜ್, ಗುಜರಿ, ವೆಲ್ಡಿಂಗ್, ಟಿಂಕರಿಂಗ್ ಕೆಲಸ ಮಾಡುವವರ ಮಕ್ಕಳು ನಮ್ಮ ಪ್ರತಿ ತರಗತಿಯಲ್ಲೂ ಇದ್ದೇವೆ. ‘ಓದದಿದ್ದರೆ ಗ್ಯಾರೇಜಿಗೆ ಹೋಗ್ತೀಯ ನೋಡು’ ಎಂಬ ಬೈಗುಳ ಕೇಳುತ್ತಲೇ ಬೆಳೆದವರು ನಾವು. ಆ ಬೈಗುಳ ತಪ್ಪು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗದು ಅರ್ಥವಾದದ್ದು ಒಂದು ಹಳೆಯ ಕಾರಿನಿಂದ.

ನಮ್ಮ ಹಿತ್ತಲಿನಲ್ಲಿ ದಾದಾ ಅವರ 1986ರ ಪ್ರೀಮಿಯರ್ ಪದ್ಮಿನಿ ಹನ್ನೊಂದು ವರ್ಷದಿಂದ ಟಾರ್ಪಾಲಿನ ಅಡಿಯಲ್ಲಿ ನಿಂತಿತ್ತು. ಮೂಲದಲ್ಲಿ ಅದು ಇಟಲಿಯ ಫಿಯಟ್ 1100. ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಅದನ್ನು ಮುಂಬೈಯ ಕುರ್ಲಾದಲ್ಲಿ ತಯಾರಿಸುತ್ತಿತ್ತು. ‘ಪದ್ಮಿನಿ’ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. ಹಳೆಯ ಹಿಂದಿ ಸಿನಿಮಾಗಳಲ್ಲಿ ಕಾಣುವ ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ ಇದೇ. ಅಂಥ ಕೊನೆಯ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು.

ಕಳೆದ ಬೇಸಿಗೆ ರಜೆಯಲ್ಲಿ ಗುಜರಿಯವರು ಬಂದು, ತೂಕಕ್ಕೆ ಹಾಕಿ ಇಪ್ಪತ್ತು ಸಾವಿರ ಕೊಡುತ್ತೇವೆ ಎಂದರು. ಅಮ್ಮಿ ಕೊಟ್ಟುಬಿಡೋಣ ಎಂದರು. ಅಬ್ಬಾ ನನ್ನ ಕಡೆ ತಿರುಗಿ, “ನೀನು ಕೈ ಹಾಕ್ತೀಯಾದ್ರೆ ಇಟ್ಕೊಳ್ಳೋಣ” ಎಂದರು. ರಜೆಯಲ್ಲಿ ಬೇರೆ ಕೆಲಸವಿರಲಿಲ್ಲ, ಒಪ್ಪಿಕೊಂಡೆ.

ಎಂಜಿನ್ ಜಾಮ್ ಆಗಿತ್ತು. ಅಬ್ಬಾ ಪ್ಲಗ್‌ಗಳನ್ನು ಬಿಚ್ಚಿ, ನಾಲ್ಕೂ ಸಿಲಿಂಡರ್‌ಗಳಿಗೆ ಡೀಸೆಲ್ ಮತ್ತು ಆಯಿಲ್ ಬೆರೆಸಿ ಹಾಕಿ, ಒಂದು ವಾರ ಮುಟ್ಟಬೇಡ ಎಂದರು. ನನಗೆ ತಾಳ್ಮೆ ಇರಲಿಲ್ಲ. ಅವರು ಇಲ್ಲದಾಗ ಸೈಲೆನ್ಸರ್ ಕಡೆಯ ಒಂದು ನಟ್ಟಿಗೆ ಸ್ಪ್ಯಾನರ್ ಹಾಕಿ, ಅದಕ್ಕೆ ಉದ್ದನೆಯ ಪೈಪ್ ಸಿಕ್ಕಿಸಿ ಬಲವಾಗಿ ಎಳೆದೆ. ಸ್ಟಡ್ ಬುಡಕ್ಕೇ ಮುರಿಯಿತು. ಅಬ್ಬಾ ಬೈಯಲಿಲ್ಲ. ಮೂರು ಸಂಜೆ ಕೂತು, ಮುರಿದ ತುಂಡಿನ ನಟ್ಟನಡುವೆ ಪಂಚ್ ಹೊಡೆದು, ಮೊದಲು ಸಣ್ಣ ಡ್ರಿಲ್, ಆಮೇಲೆ ದೊಡ್ಡದು ಹಾಕಿ ಅದನ್ನು ತೆಗೆದರು. ಕೊನೆಗೆ ಹೇಳಿದ್ದು ಇಷ್ಟೇ: “ತುಕ್ಕು ಹಿಡಿದ ನಟ್ಟನ್ನ ಮೊದಲು ಬಿಸಿ ಮಾಡ್ಬೇಕು. ಹಿಗ್ಗುತ್ತೆ, ಆಮೇಲೆ ಬಿಡುತ್ತೆ.”

ಬಿಸಿಗೆ ಲೋಹ ಹಿಗ್ಗುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದೆ. ಆದರೆ ಆ ನಟ್ಟಿನ ಮುಂದೆ ನಿಂತಾಗ ಅದು ನೆನಪಿಗೇ ಬರಲಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟ ಅಬ್ಬಾನಿಗೆ ಅದು ಕೈಯಲ್ಲೇ ಇತ್ತು.

ಹಾಗೆಂದು ಪುಸ್ತಕ ಬೇಡ ಎನ್ನುತ್ತಿಲ್ಲ. ಈ ಎಂಜಿನ್ 1089 ಸಿಸಿ ಎಂದು ಅಬ್ಬಾ ಮೂವತ್ತು ವರ್ಷದಿಂದ ಹೇಳುತ್ತಿದ್ದರು. ಆ ಸಂಖ್ಯೆ ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿರಲಿಲ್ಲ. ಸಿಲಿಂಡರ್‌ನ ವ್ಯಾಸ 68 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಸಿಲಿಂಡರ್ ಘನಫಲದ ಸೂತ್ರ ಹಾಕಿ, ನಾಲ್ಕರಿಂದ ಗುಣಿಸಿ ತೋರಿಸಿದೆ: 1089. ಅಬ್ಬಾ ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ತುಕ್ಕು ತೆಗೆಯಲು ನಮ್ಮ ರಸಾಯನಶಾಸ್ತ್ರವೂ ನೆರವಿಗೆ ಬಂತು. ನೀರಿನಲ್ಲಿ ವಾಷಿಂಗ್ ಸೋಡಾ ಕರಗಿಸಿ, ತುಕ್ಕು ಹಿಡಿದ ಹಿಂಜ್‌ಗಳನ್ನು ಬ್ಯಾಟರಿ ಚಾರ್ಜರ್‌ನ ಋಣ ತುದಿಗೂ ಬೇಡದ ಕಬ್ಬಿಣದ ತುಂಡನ್ನು ಧನ ತುದಿಗೂ ಕಟ್ಟಿದೆವು. ಜಲಜನಕ ಹೊರಬರುವುದರಿಂದ ಇದನ್ನು ಬಯಲಿನಲ್ಲೇ, ಬೆಂಕಿಯಿಂದ ದೂರ ಮಾಡಬೇಕು. ಮರುದಿನ ಬ್ರಷ್‌ನಿಂದ ಉಜ್ಜಿದರೆ ತುಕ್ಕು ಕಪ್ಪು ಪುಡಿಯಾಗಿ ಉದುರಿತು. ವೈರಿಂಗ್ ಬಿಚ್ಚುವಾಗ ಪ್ರತಿ ವೈರಿಗೂ ಚೀಟಿ ಅಂಟಿಸಿ ನಂಬರ್ ಹಾಕಿದವಳು ಹತ್ತನೇ ತರಗತಿಯ ನನ್ನ ತಂಗಿ. ಅವಳಿಲ್ಲದಿದ್ದರೆ ಇಂದಿಗೂ ಹಾರ್ನ್ ಒತ್ತಿದರೆ ವೈಪರ್ ಓಡುತ್ತಿತ್ತೇನೋ.

ನಮ್ಮ ಕೆಲಸಕ್ಕೆ ಆಕ್ಷೇಪಗಳೂ ಬಂದವು. ಹಣ ದಂಡ ಎಂದರು. ನಿಜ, ಈವರೆಗೆ ಮೂವತ್ತೆಂಟು ಸಾವಿರ ಖರ್ಚಾಗಿದೆ. ಮಾರಿದರೆ ಅಷ್ಟು ಬರುತ್ತದೆಂಬ ಭರವಸೆ ಇಲ್ಲ. ಹಳೆಯ ಕಾರು ಹೊಗೆ ಹೆಚ್ಚು ಬಿಡುತ್ತದೆ ಎಂದರು. ಅದೂ ನಿಜ. ಇದು ದಿನಾ ಓಡಿಸುವ ಕಾರಲ್ಲ. ಜನವರಿಯಲ್ಲಿ ಎಂಜಿನ್ ಸ್ಟಾರ್ಟ್ ಆಯಿತು, ಆದರೆ ಕಾರು ಇನ್ನೂ ಗೇಟು ದಾಟಿಲ್ಲ. ಆರ್‌ಸಿ ಅವಧಿ ಮುಗಿದಿದೆ, ಫಿಟ್‌ನೆಸ್ ಆಗಬೇಕು, ನನಗಿನ್ನೂ ಹದಿನೆಂಟು ತುಂಬಿಲ್ಲ. ಸಿಇಟಿ, ನೀಟ್ ಇಟ್ಟುಕೊಂಡು ಇದೆಲ್ಲ ಬೇಕಿತ್ತೇ ಎಂದು ಕೇಳಿದವರೂ ಇದ್ದಾರೆ. ವಾರಕ್ಕೆ ಒಂದು ಅರ್ಧ ದಿನ ಹೋಯಿತು. ಅದಕ್ಕಿಂತ ಹೆಚ್ಚು ಹೊತ್ತನ್ನು ನಾವೆಲ್ಲ ಮೊಬೈಲ್‌ನಲ್ಲಿ ಕಳೆಯುತ್ತೇವೆ.

ಎಲ್ಲರೂ ಹಳೆಯ ಕಾರು ತನ್ನಿ ಎಂದು ನಾನು ಹೇಳುವುದಿಲ್ಲ. ನಮ್ಮ ಪ್ರಾಕ್ಟಿಕಲ್ ತರಗತಿಗಳನ್ನು ನೆನಪಿಸಿಕೊಳ್ಳಿ. ಉತ್ತರ ಮೊದಲೇ ಗೊತ್ತಿರುತ್ತದೆ, ರೀಡಿಂಗ್‌ಗಳನ್ನು ಅದಕ್ಕೆ ಹೊಂದಿಸಿ ರೆಕಾರ್ಡ್ ಬರೆಯುತ್ತೇವೆ. ಹಾಳಾದ ವಸ್ತುವಿನ ಮುಂದೆ ಕೂತರೆ ಹಾಗೆ ಹೊಂದಿಸಲು ಆಗುವುದಿಲ್ಲ. ನಮ್ಮ ಊಹೆ ತಪ್ಪಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಅಷ್ಟೇ. ಹೀಗೆ ಕಲಿಸಬಲ್ಲವರು ನಮ್ಮ ಕಾಲೇಜಿನ ಅಕ್ಕಪಕ್ಕದ ಬೀದಿಗಳಲ್ಲೇ, ನಮ್ಮ ಮನೆಗಳಲ್ಲೇ ಇದ್ದಾರೆ. ಅವರು ಕಾಲೇಜಿನ ಒಳಗೆ ಬರುವುದು ಫೀಸು ಕಟ್ಟಲು ಅಥವಾ ಪೋಷಕರ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರಲು ಮಾತ್ರ.

ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇದು. ಗುಜರಿಯಿಂದ ಒಂದು ಹಳೆಯ ಎಂಜಿನ್ ತಂದು ಭೌತಶಾಸ್ತ್ರ ಲ್ಯಾಬಿನಲ್ಲಿ ಇಡೋಣ. ತಿಂಗಳಿಗೊಮ್ಮೆ ಒಬ್ಬ ಮೆಕ್ಯಾನಿಕ್, ವೆಲ್ಡರ್ ಅಥವಾ ಎಲೆಕ್ಟ್ರಿಷಿಯನ್‌ರನ್ನು ಕರೆಸೋಣ. ಅವರು ಬಿಚ್ಚಿ ತೋರಿಸಲಿ, ಉಪನ್ಯಾಸಕರು ಅದರ ಹಿಂದಿನ ನಿಯಮ ವಿವರಿಸಲಿ. ಹುಡುಗಿಯರಿಗೂ ಹುಡುಗರಿಗೂ ಸಮನಾಗಿ ಸ್ಪ್ಯಾನರ್ ಸಿಗಲಿ.

ಮೊದಲ ತರಗತಿಗೆ ಬರಲು ನನ್ನ ಅಬ್ಬಾ ಒಪ್ಪಿದ್ದಾರೆ. ಶುಕ್ರವಾರ ಗ್ಯಾರೇಜಿಗೆ ರಜೆ. ಆ ದಿನ ಮಧ್ಯಾಹ್ನ ಮೂರರ ನಂತರ ಬರಬಲ್ಲರು.