ಬಣ್ಣದ ಡಬ್ಬಿಯ ಹಿಂದಿನ ಮನೆ

ಒಂದು ವ್ಯಾಪಾರದ ಚರಿತ್ರೆಯನ್ನು ಲೆಕ್ಕದ ಪುಸ್ತಕಗಳು ಹೇಳುತ್ತವೆ; ಆ ವ್ಯಾಪಾರವನ್ನು ಕಟ್ಟಿದ ಮನೆಯ ಚರಿತ್ರೆಯನ್ನು ಮಕ್ಕಳು, ಮೊಮ್ಮಕ್ಕಳು ಹೇಳುತ್ತಾರೆ. ಎರಡನ್ನೂ ಜೊತೆಗಿಟ್ಟು ಓದಿದಾಗಲೇ ಹಿರಿಯರೊಬ್ಬರ ಬದುಕು ಪೂರ್ತಿಯಾಗಿ ಕಾಣುತ್ತದೆ. ಹಾಲಿವುಡ್ಡಿನ ಸುವರ್ಣಯುಗದಲ್ಲಿ ತಾರೆಯರ ಮುಖಕ್ಕೆ ಬಣ್ಣ ಸಿದ್ಧಪಡಿಸಿಕೊಟ್ಟ ಮ್ಯಾಕ್ಸ್ ಫ್ಯಾಕ್ಟರ್ ಅವರ ಮನೆತನದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಅವರ ಹೆಸರು ಡಬ್ಬಿಗಳ ಮೇಲೆ ಲೋಕವನ್ನೆಲ್ಲ ಸುತ್ತಿತು. ಆ ಡಬ್ಬಿಯ ಹಿಂದೆ ಒಂದು ಮನೆಯಿತ್ತು ಎಂಬುದನ್ನು ತಿಳಿದವರು ಕಡಮೆ.

ಮ್ಯಾಕ್ಸ್ ಹುಟ್ಟಿದ್ದು 1870ರ ದಶಕದಲ್ಲಿ, ಅಂದು ರಷ್ಯಾ ಚಕ್ರಾಧಿಪತ್ಯಕ್ಕೆ ಒಳಪಟ್ಟಿದ್ದ ಪೋಲೆಂಡಿನ ಬಡ ಯಹೂದಿ ಕುಟುಂಬದಲ್ಲಿ. ಮನೆತುಂಬ ಮಕ್ಕಳು, ಶಾಲೆಗೆ ಹೋಗುವ ಅನುಕೂಲವಿಲ್ಲ. ಆಡುವ ವಯಸ್ಸಿನಲ್ಲಿಯೇ ವಿಗ್ ತಯಾರಿಸುವವರ ಬಳಿ ಕೆಲಸಕ್ಕೆ ನಿಂತರು. ನಮ್ಮ ನಾಟಕ ಕಂಪನಿಯವರು ‘ಟೋಪನ್’ ಎನ್ನುವ ವಸ್ತುವೇ ಅದು. ಒಂದೊಂದು ಕೂದಲನ್ನೂ ಬಟ್ಟೆಗೆ ಗಂಟು ಹಾಕುವ ಆ ತಾಳ್ಮೆಯ ವಿದ್ಯೆ ಅವರನ್ನು ಮುಂದೆ ರಷ್ಯಾದ ರಾಜಾಶ್ರಿತ ರಂಗಭೂಮಿಯವರೆಗೆ ಕೊಂಡೊಯ್ದಿತು.

ಅರಮನೆಯ ಸೇವೆಯೆಂದರೆ ಗೌರವವೂ ಹೌದು, ಪಂಜರವೂ ಹೌದು. ಮ್ಯಾಕ್ಸ್ ಗುಟ್ಟಾಗಿ ಮದುವೆಯಾಗಿ ಮೂರು ಮಕ್ಕಳ ತಂದೆಯಾಗಿದ್ದರೂ ಸಂಸಾರವನ್ನು ಬಹಿರಂಗವಾಗಿ ನಡೆಸುವ ಸ್ವಾತಂತ್ರ್ಯವಿರಲಿಲ್ಲ. ಯಹೂದಿಗಳ ಮೇಲಿನ ದಬ್ಬಾಳಿಕೆಯೂ ದಿನೇ ದಿನೇ ಹೆಚ್ಚುತ್ತಿತ್ತು. ಆಗ ಅವರು ಪಾರಾದ ಬಗೆಯನ್ನು ಮನೆಯವರು ಹೀಗೆ ಹೇಳುತ್ತ ಬಂದಿದ್ದಾರೆ: ಮ್ಯಾಕ್ಸ್ ತಮ್ಮ ಮುಖಕ್ಕೆ ತಾವೇ ಹಳದಿ ಛಾಯೆಯ ಬಣ್ಣ ಬಳಿದುಕೊಂಡು ರೋಗಿಯಂತೆ ಕಾಣಿಸಿಕೊಂಡರು, ವೈದ್ಯರು ಕಾರ್ಲ್ಸ್‌ಬಾಡ್‌ನ ಬಿಸಿನೀರಿನ ಬುಗ್ಗೆಗಳಿಗೆ ಹೋಗಿ ವಿಶ್ರಾಂತಿ ಪಡೆಯಲು ಹೇಳಿದರು, ಅಲ್ಲಿ ಹೆಂಡತಿ ಮಕ್ಕಳನ್ನು ಕೂಡಿಕೊಂಡು ಹಡಗು ಹತ್ತಿದರು. ಕೇಳಲು ಇದು ನಾಟಕದ ದೃಶ್ಯದಂತಿದೆ. ಬಾಯಿಂದ ಬಾಯಿಗೆ ಸಾಗುವಾಗ ಕಥೆಗೆ ಒಂದಿಷ್ಟು ಬಣ್ಣ ಏರಿದ್ದರೂ ಆಶ್ಚರ್ಯವಿಲ್ಲ. ಆದರೆ ತಂದೆಯ ಕಸುಬೇ ತಂದೆಯನ್ನು ಉಳಿಸಿತೆಂಬ ನಂಬಿಕೆ ಆ ಮಕ್ಕಳಿಗೆ ಎಂತಹ ಆಸ್ತಿಯಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

1904ರಲ್ಲಿ ಅಮೆರಿಕವನ್ನು ಸೇರಿದ ಕುಟುಂಬ ಸೇಂಟ್ ಲೂಯಿಸ್ ನಗರದಲ್ಲಿ ನೆಲೆಸಿತು. ಆ ವರ್ಷದ ಜಾಗತಿಕ ಪ್ರದರ್ಶನದಲ್ಲಿ ಮ್ಯಾಕ್ಸ್ ಅಂಗಡಿ ತೆರೆದರು; ಪಾಲುದಾರನು ಮೋಸಮಾಡಿ ಹಣದೊಡನೆ ಪರಾರಿಯಾದನು. ಅದೇ ವರ್ಷ ಫ್ರಾಂಕ್ ಎಂಬ ಮಗ ಹುಟ್ಟಿದನು. 1906ರಲ್ಲಿ ಹೆಂಡತಿ ತೀರಿಕೊಂಡರು. ಭಾಷೆ ತಿಳಿಯದ ನಾಡು, ಕೈಯಲ್ಲಿ ಹಣವಿಲ್ಲ, ಮಡಿಲಲ್ಲಿ ನಾಲ್ಕು ಎಳೆಯ ಮಕ್ಕಳು. ಎರಡನೆಯ ಮದುವೆ ಬಾಳಲಿಲ್ಲ. 1908ರಲ್ಲಿ ಕೈಹಿಡಿದ ಜೆನ್ನಿ ಎಂಬಾಕೆ ಆ ತಾಯಿಯಿಲ್ಲದ ಮಕ್ಕಳಿಗೆ ತಾಯಿಯಾದರು. ಅದೇ ವರ್ಷ ಸಂಸಾರ ಲಾಸ್ ಏಂಜಲೀಸಿಗೆ ಹೊರಟಿತು. ಚಲನಚಿತ್ರೋದ್ಯಮ ಆಗಷ್ಟೇ ಅತ್ತ ಮುಖಮಾಡುತ್ತಿತ್ತು.

ಮನೆಯವರು ನಗುನಗುತ್ತ ನೆನೆಯುವ ಪ್ರಸಂಗವೊಂದು ಈ ಕಾಲದ್ದು. 1914ರಲ್ಲಿ ತೆರೆಕಂಡ ‘ದಿ ಸ್ಕ್ವಾ ಮ್ಯಾನ್’ ಚಿತ್ರಕ್ಕೆ ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಅವರಿಗೆ ಮೂಲನಿವಾಸಿಗಳ ಪಾತ್ರಧಾರಿಗಳಿಗಾಗಿ ವಿಗ್ಗುಗಳು ಬೇಕಾಗಿದ್ದವು. ಮ್ಯಾಕ್ಸ್ ತಯಾರಿಸುತ್ತಿದ್ದುದು ನಿಜವಾದ ಕೂದಲಿನ ವಿಗ್ಗು, ಬೆಲೆ ದುಬಾರಿ. ಕೊನೆಗೆ ಬಾಡಿಗೆಗೆ ಕೊಡುವುದೆಂದು ಒಪ್ಪಂದವಾಯಿತು. ಆದರೆ ಅವು ಕಳೆದುಹೋದರೆ? ಅದಕ್ಕೆ ಮ್ಯಾಕ್ಸ್ ಕಂಡುಕೊಂಡ ಉಪಾಯವೆಂದರೆ ತಮ್ಮ ಗಂಡುಮಕ್ಕಳನ್ನೇ ಆ ಚಿತ್ರದಲ್ಲಿ ಚಿಕ್ಕಪುಟ್ಟ ಪಾತ್ರಗಳಿಗೆ ಸೇರಿಸಿದ್ದು. ಹತ್ತು ವರ್ಷ ತುಂಬದ ಫ್ರಾಂಕ್ ಕೂಡ ಆ ಗುಂಪಿನಲ್ಲಿದ್ದನು. ಹುಡುಗರು ಹಗಲೆಲ್ಲ ಕ್ಯಾಮರಾದ ಮುಂದೆ ಓಡಾಡಿ, ಸಂಜೆ ವಿಗ್ಗುಗಳನ್ನು ಒಟ್ಟುಮಾಡಿ ಎಣಿಸಿ ಮನೆಗೆ ತರುತ್ತಿದ್ದರಂತೆ. ವ್ಯಾಪಾರದ ಮೊದಲ ಪಾಠ ಅವರಿಗೆ ಆದದ್ದು ಹೀಗೆ.

ಅದೇ 1914ರಲ್ಲಿ ಮ್ಯಾಕ್ಸ್ ಮಾಡಿದ ಆವಿಷ್ಕಾರ ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ರಂಗಭೂಮಿಯ ಬಣ್ಣ ಕಡ್ಡಿಯ ರೂಪದಲ್ಲಿ ಬರುತ್ತಿತ್ತು. ದಪ್ಪವಾಗಿ ಬಳಿದರೆ ಒಣಗಿ ಬಿರಿಯುತ್ತಿತ್ತು. ದೂರದಲ್ಲಿ ಕುಳಿತ ಪ್ರೇಕ್ಷಕನಿಗೆ ಆ ಬಿರುಕು ಕಾಣದು. ಹತ್ತಿರದ ಕ್ಯಾಮರಾಕ್ಕೆ ಎಲ್ಲವೂ ಕಾಣುತ್ತದೆ. ಮ್ಯಾಕ್ಸ್ ತೆಳುವಾಗಿ ಹರಡುವ ಕ್ರೀಮಿನ ರೂಪದ ಬಣ್ಣವನ್ನು ಹನ್ನೆರಡು ಛಾಯೆಗಳಲ್ಲಿ ಸಿದ್ಧಪಡಿಸಿದರು. ಮುಂದೆ ಚಿತ್ರದ ಫಿಲ್ಮ್ ಬದಲಾದಾಗಲೆಲ್ಲ ಬಣ್ಣವನ್ನೂ ಬದಲಾಯಿಸಬೇಕಾಯಿತು. ಹಳೆಯ ಫಿಲ್ಮಿಗೆ ಕೆಂಪು ಗೋಚರಿಸುತ್ತಿರಲಿಲ್ಲ, ಕೆಂದುಟಿ ಕಪ್ಪಾಗಿ ಕಾಣುತ್ತಿತ್ತು. ಎಲ್ಲ ವರ್ಣಗಳನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬಳಕೆಗೆ ಬಂದಾಗ, 1928ರಲ್ಲಿ, ಅದಕ್ಕೆ ಹೊಂದುವ ಹೊಸ ಶ್ರೇಣಿಯೇ ಹೊರಬಂದಿತು.

ಅಷ್ಟರಲ್ಲಿ ಮಕ್ಕಳು ಬೆಳೆದಿದ್ದರು. ಡೇವಿಸ್ ವ್ಯವಹಾರವನ್ನು ನೋಡಿಕೊಂಡನು. ಫ್ರಾಂಕ್ ತಂದೆಯೊಡನೆ ಪ್ರಯೋಗಶಾಲೆಯನ್ನು ಹಿಡಿದನು. ವರ್ಣಚಿತ್ರಗಳ ಟೆಕ್ನಿಕಲರ್ ವಿಧಾನ ಬಂದಾಗ ಹಳೆಯ ಎಣ್ಣೆಬಣ್ಣ ಹೊಳೆದು ಸುತ್ತಲಿನ ವರ್ಣವನ್ನೆಲ್ಲ ಪ್ರತಿಫಲಿಸಿ ಮುಖವನ್ನು ಕೆಡಿಸುತ್ತಿತ್ತು. ಬಹುಕಾಲದ ಪ್ರಯೋಗದ ಬಳಿಕ 1937ರಲ್ಲಿ ಸಿದ್ಧವಾದದ್ದು, ಒದ್ದೆ ಸ್ಪಂಜಿನಿಂದ ಬಳಿಯುವ, ಹೊಳಪಿಲ್ಲದ ‘ಪ್ಯಾನ್-ಕೇಕ್’. ಚಿತ್ರೀಕರಣದ ಸ್ಥಳದಿಂದ ನಟಿಯರು ಅದನ್ನು ಕದ್ದೊಯ್ಯುತ್ತಿದ್ದರೆಂಬುದು ಪ್ರಸಿದ್ಧ ಸಂಗತಿ.

ಈ ಡಬ್ಬಿಗೂ ನಮಗೂ ಒಂದು ನಂಟುಂಟು. ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ದುಡಿದ ತಮಿಳು ಲೇಖಕ ಅಶೋಕಮಿತ್ರನ್ ತಮ್ಮ ನೆನಪುಗಳಲ್ಲಿ, ಅಲ್ಲಿಗೆ ಪ್ಯಾನ್‌ಕೇಕ್ ರಾಶಿರಾಶಿಯಾಗಿ ಬರುತ್ತಿದ್ದುದನ್ನು ವಿನೋದವಾಗಿ ವರ್ಣಿಸಿದ್ದಾರೆ. ಆ ಪ್ರಸಾಧನ ವಿಭಾಗದಲ್ಲಿ ಧಾರವಾಡದ ಕನ್ನಡಿಗನೊಬ್ಬನಿದ್ದನೆಂದೂ ಬರೆದಿದ್ದಾರೆ. ಪೋಲೆಂಡಿನ ಬಡ ಹುಡುಗನ ವಿದ್ಯೆ ಧಾರವಾಡದವನ ಕೈಗೂ ತಲುಪಿತು!

1938ರಲ್ಲಿ ಮ್ಯಾಕ್ಸ್ ಡೇವಿಸನೊಡನೆ ಯೂರೋಪ್ ಪ್ರವಾಸದಲ್ಲಿದ್ದಾಗ ಪ್ಯಾರಿಸಿನಲ್ಲಿ, ಹಣ ಕೊಡದಿದ್ದರೆ ಪ್ರಾಣ ತೆಗೆಯುವುದಾಗಿ ಬೆದರಿಕೆಯ ಪತ್ರ ಬಂದಿತು. ತಲ್ಲಣಿಸಿದ ಅವರು ಅಮೆರಿಕಕ್ಕೆ ಮರಳಿ ಹಾಸಿಗೆ ಹಿಡಿದರು. ಆಗಸ್ಟ್ 30ರಂದು ಕಣ್ಮುಚ್ಚಿದರು. ಬಳಿಕ ಫ್ರಾಂಕ್ ತನ್ನ ಹೆಸರನ್ನೇ ತೊರೆದು ‘ಮ್ಯಾಕ್ಸ್ ಫ್ಯಾಕ್ಟರ್ ಜೂನಿಯರ್’ ಆದನು. ಗ್ರಾಹಕರಿಗೆ ಮ್ಯಾಕ್ಸ್ ಬದುಕಿರಬೇಕಾಗಿತ್ತು. ಮೂವತ್ತನಾಲ್ಕರ ಹರೆಯದಲ್ಲಿ ತಾನು ಕರೆಸಿಕೊಂಡ ಹೆಸರನ್ನು ಬಿಟ್ಟುಕೊಡುವುದು ಸುಲಭದ ಮಾತಲ್ಲ. 1996ರಲ್ಲಿ ತೀರಿಕೊಳ್ಳುವವರೆಗೂ ಅವರು ತಂದೆಯ ಹೆಸರಿನಲ್ಲಿಯೇ ಬಾಳಿದರು. ಪಿತೃಋಣವನ್ನು ತೀರಿಸುವ ಬಗೆಗಳಲ್ಲಿ ಇದೂ ಒಂದು.

ಇಷ್ಟು ಹೇಳಿ ಮುಗಿಸಿದರೆ ಸ್ತುತಿಪಾಠವಾದೀತು. ಮನೆತನದ ನೆನಪು ಪ್ರಾಮಾಣಿಕವಾಗಿರಬೇಕಾದರೆ ನೆರಳನ್ನೂ ನೆನೆಯಬೇಕು. ಮ್ಯಾಕ್ಸರ ಮಲತಮ್ಮ ಜಾನ್ ಫ್ಯಾಕ್ಟರ್ ವಂಚನೆಗೆ ಹೆಸರಾಗಿ ಸೆರೆವಾಸವನ್ನೂ ಕಂಡವನು. 1962ರಲ್ಲಿ ಅಧ್ಯಕ್ಷ ಕೆನಡಿಯವರಿಂದ ಕ್ಷಮಾದಾನ ಪಡೆದನು. ವಂಶವೃಕ್ಷದಿಂದ ಆ ಕೊಂಬೆಯನ್ನು ಕಡಿಯಲು ಬಾರದು.

ಇನ್ನೊಂದು ನೆರಳು ಬಣ್ಣದ್ದೇ. ಪ್ರತಿಯೊಬ್ಬರ ಮೈಬಣ್ಣ, ಕೂದಲು, ಕಣ್ಣುಗಳಿಗೆ ಹೊಂದುವಂತೆ ಪ್ರಸಾಧನವಿರಬೇಕು ಎಂಬುದು 1918ರಲ್ಲಿ ಮ್ಯಾಕ್ಸ್ ಮುಂದಿಟ್ಟ ‘ವರ್ಣ ಸಾಮರಸ್ಯ’ದ ತತ್ತ್ವ. 1935ರಲ್ಲಿ ಹೊಸರೂಪದಲ್ಲಿ ತೆರೆದ ಹಾಲಿವುಡ್ ಮಳಿಗೆಯಲ್ಲಿ ಹೊಂಗೂದಲಿನವರಿಗೆ ನೀಲಿ ಕೋಣೆ, ಕೆಂಗೂದಲಿನವರಿಗೆ ಹಸಿರು ಕೋಣೆ, ಕಪ್ಪು ಕೂದಲಿನವರಿಗೆ ನಸುಗೆಂಪು ಕೋಣೆ ಇದ್ದವು. ಆದರೆ ಅಂದಿನ ಚಿತ್ರರಂಗ ಈ ತತ್ತ್ವವನ್ನು ಎಲ್ಲರಿಗೂ ಸಮಾನವಾಗಿ ಅನ್ವಯಿಸಲಿಲ್ಲ. ಆಫ್ರಿಕನ್ ಮೂಲದ ಗಾಯಕಿ ಲೀನಾ ಹಾರ್ನ್ ಹೇಳಿಕೊಂಡಿರುವಂತೆ, ಅವರಿಗಾಗಿಯೇ ‘ಲೈಟ್ ಈಜಿಪ್ಷಿಯನ್’ ಎಂಬ ಛಾಯೆಯನ್ನು ತಯಾರಿಸಲಾಯಿತು. ಆ ಬಣ್ಣವನ್ನು ಬಿಳಿಯ ನಟಿಯರಿಗೆ ಬಳಿದು ಅವರಿಗೆ ಸಲ್ಲಬೇಕಾದ ಪಾತ್ರಗಳನ್ನು ಕೊಡಲಾಯಿತು. 1951ರ ‘ಷೋ ಬೋಟ್’ ಚಿತ್ರದಲ್ಲಿ ಅಂತಹ ಪಾತ್ರ ಆವಾ ಗಾರ್ಡ್‌ನರ್ ಅವರದಾಯಿತು. ಬಣ್ಣಕ್ಕೆ ಸಿಕ್ಕ ಪ್ರವೇಶ ಆ ಬಣ್ಣದ ಹೆಣ್ಣಿಗೆ ಸಿಗಲಿಲ್ಲ. ಹೆಣ್ಣು ನೋಡಲು ಹೋಗಿ ಮೊದಲು ಮೈಬಣ್ಣವನ್ನು ವಿಚಾರಿಸುವ ನಾವು ಈ ಸಂಗತಿಯನ್ನು ಓದಿ ಅಮೆರಿಕದವರನ್ನಷ್ಟೇ ದೂರಿದರೆ ಸಾಲದು.

1973ರಲ್ಲಿ ಸಂಸ್ಥೆ ನಾರ್ಟನ್ ಸೈಮನ್ ಕಂಪನಿಯ ಪಾಲಾಯಿತು. ಅನಂತರವೂ ಒಡೆತನ ಕೈಯಿಂದ ಕೈಗೆ ಬದಲಾಯಿತು. ಹೆಸರು ಉಳಿಯಿತು, ಮನೆ ಹೊರಗುಳಿಯಿತು. ಆದರೂ ಕಸುಬು ಪೂರ್ತಿ ಅಳಿಯಲಿಲ್ಲ: ಮರಿಮಕ್ಕಳಾದ ಡೇವಿಸ್ ಮತ್ತು ಡೀನ್ ‘ಸ್ಮ್ಯಾಷ್‌ಬಾಕ್ಸ್’ ಎಂಬ ಹೊಸ ಪ್ರಸಾಧನ ಸಂಸ್ಥೆಯನ್ನು ಕಟ್ಟಿದರು. ಹಳೆಯ ಮಳಿಗೆಯ ಕಟ್ಟಡದಲ್ಲಿ 2003ರಿಂದ ಹಾಲಿವುಡ್ ವಸ್ತುಸಂಗ್ರಹಾಲಯವಿದೆ.

ಹೆಸರನ್ನು ಮಾರಬಹುದು, ಕಟ್ಟಡವನ್ನು ಮಾರಬಹುದು. ಸಂಜೆ ವಿಗ್ಗುಗಳನ್ನು ಎಣಿಸಿ ತಂದ ಹುಡುಗರ ನೆನಪನ್ನು ಯಾರೂ ಕೊಳ್ಳಲಾರರು. ಹೇಳುವವರಿಲ್ಲದಿದ್ದರೆ ಅದು ಸುಮ್ಮನೆ ಕಳೆದುಹೋಗುತ್ತದೆ. ನಮ್ಮ ಮನೆಗಳಲ್ಲಿಯೂ ಅಂಗಡಿ ಇಟ್ಟು, ಮಗ್ಗ ನಡೆಸಿ, ಹೊಲ ಉತ್ತು ಸಂಸಾರವನ್ನು ಎತ್ತಿಹಿಡಿದ ಅಜ್ಜ ಅಜ್ಜಿಯರಿದ್ದಾರೆ. ಅವರು ಗೆದ್ದದ್ದನ್ನು ಮಾತ್ರವಲ್ಲ, ಸೋತದ್ದನ್ನೂ ಮೋಸಹೋದದ್ದನ್ನೂ ಅವರ ಬಾಯಿಂದಲೇ ಕೇಳಿ ಬರೆದಿಡುವುದು ಮಕ್ಕಳಾದವರ ಕರ್ತವ್ಯ. ಅದಕ್ಕೆ ಒಂದು ನೋಟುಬುಕ್ಕು, ಕೆಲವು ಸಂಜೆಗಳು ಸಾಕು.